ಸಭೆಯ ರೊಟ್ಟಿಗೆ ಒಂದು ಹಿಡಿ ಹಿಟ್ಟು

ನಮ್ಮ ಚರ್ಚಿನ ಸಭೆಯಲ್ಲಿ ಪ್ರಭುಭೋಜನಕ್ಕೆ, ಅಂದರೆ ಯೇಸುವಿನ ನೆನಪಿಗೆ ಎಲ್ಲರೂ ಮುರಿದು ತಿನ್ನುವುದಕ್ಕೆ, ಅಂಗಡಿಯ ಬ್ರೆಡ್ಡು ಬರುವುದಿಲ್ಲ, ಜೋಳದ ರೊಟ್ಟಿಯೇ ಆಗಬೇಕು. ಹಿರಿಯರು ಹಾಕಿಕೊಟ್ಟ ರೂಢಿ ಅದು. ತಿಂಗಳ ಮೊದಲ ಭಾನುವಾರದ ಹಿಂದಿನ ಸಂಜೆ ಪ್ರತಿ ಮನೆಯಿಂದ ಒಂದೊಂದು ಹಿಡಿ ಹಿಟ್ಟು ನನ್ನ ಮನೆಗೆ ಬರುತ್ತದೆ. ಎಲ್ಲವನ್ನೂ ಒಂದೇ ಪರಾತದಲ್ಲಿ ಬೆರೆಸಿ, ಉಪ್ಪಿಲ್ಲದೆ ನಾದಿ, ಬೆಳಿಗ್ಗೆ ತಟ್ಟಿ ಸುಡುವುದು ನನ್ನ ಕೆಲಸ. ಬೆರೆಸಿದ ಮೇಲೆ ಯಾರ ಹಿಟ್ಟು ಯಾವುದೆಂದು ಯಾರೂ ಹೇಳಲಾರರು ಎಂದು ನನ್ನ ಅತ್ತೆ ಮೌನಮ್ಮ ಹೇಳುತ್ತಿದ್ದಳು. ಈ ಕೆಲಸವನ್ನು ನನಗೆ ಕಲಿಸಿ, ಒಲೆ ಬಿಟ್ಟುಕೊಟ್ಟವಳೂ ಅವಳೇ.

ಈ ರೂಢಿಗೆ ಇನ್ನೊಂದು ಬಾಲವಿದೆ. ಸಭೆಯವರು ಯಾರಾದರೂ ಇನ್ನೊಬ್ಬರಿಗೆ ದೊಡ್ಡ ಅನ್ಯಾಯ ಮಾಡಿದರೆ ಅವರ ಮನೆಯ ಹಿಟ್ಟು ನಿಲ್ಲುತ್ತದೆ. ತಪ್ಪು ಒಪ್ಪಿಕೊಂಡು ತಿರುಗಿ ಬಂದರೆ ಹಿಟ್ಟನ್ನು ಅಯ್ಯನೋರ ಕೈಗೆ ಕೊಡುವಂತಿಲ್ಲ. ಅಯ್ಯನೋರು ಎಂದರೆ ನಮ್ಮ ಪಾದ್ರಿ. ಯಾರಿಗೆ ಅನ್ಯಾಯವಾಯಿತೋ ಅವರ ಕೈಗೇ ಕೊಡಬೇಕು. ಅವರು ತೆಗೆದುಕೊಂಡರೆ ಮುಗಿಯಿತು, ಆ ಮನುಷ್ಯ ಮತ್ತೆ ಸಭೆಯವನು. ತೆಗೆದುಕೊಳ್ಳದಿದ್ದರೆ ಬಾಗಿಲ ಬಳಿ ಚಪ್ಪಲಿಗಳ ಪಕ್ಕದಲ್ಲಿ ಕೂತು, ಹಾಡು ಕೇಳಿ, ರೊಟ್ಟಿ ಮುಟ್ಟದೆ ಎದ್ದುಹೋಗಬೇಕು. ಬದುವಿನ ಜಗಳ, ಕೋಳಿಯ ಜಗಳಕ್ಕೆಲ್ಲ ಈ ರೂಢಿ ಚೆನ್ನಾಗಿಯೇ ಇತ್ತು. ನನ್ನ ಪಾಲಿಗೆ ಬಂದದ್ದು ಅಂಥ ಜಗಳವಲ್ಲ.

ಆ ಶನಿವಾರ ಸಂಜೆ ಸಂಜೀವಕುಮಾರ ನನ್ನ ಬಾಗಿಲಿಗೆ ಬಂದ. ಕೈಯಲ್ಲಿ ಒಂದು ಸ್ಟೀಲಿನ ಡಬ್ಬಿ. ಮೈ ಇಳಿದುಹೋಗಿತ್ತು, ತಲೆ ಅರ್ಧ ಬೆಳ್ಳಗಾಗಿತ್ತು. ನೋಡಿದರೆ ಪಾಪ ಅನ್ನಿಸಬೇಕು, ನನಗೆ ಮೈಯೆಲ್ಲ ಉರಿಯಿತು.

“ಅಕ್ಕಾ, ಹಿಟ್ಟು ತಂದೀನಿ.”

“ಯಾರಿಗಿ ಅಕ್ಕ? ನಿನ್ನ ಹಿಟ್ಟು ನಾಯಿಗಿ ಹಾಕು, ಹೋಗು.”

“ನೀ ಬೈಯಿ ಅಕ್ಕಾ. ಬೈಸಿಕೊಳ್ಳಾಕೇ ಬಂದೀನಿ.”

“ಬೈಯಾಕೂ ನಿನ್ನ ಮಾರಿ ನೋಡಬೇಕಲ್ಲ, ಅದೇ ಆಗವಲ್ದು ನನಗ,” ಎಂದು ಕದ ಮುಚ್ಚಿ ಅಗಳಿ ಹಾಕಿದೆ. ಬೆಳಿಗ್ಗೆ ತೆಗೆದು ನೋಡಿದರೆ ಡಬ್ಬಿ ಕಟ್ಟೆಯ ಮೇಲೇ ಇತ್ತು.

ಅವನು ಹೊರಗಿನವನಲ್ಲ. ನನ್ನ ಗಂಡ ನೀಲಕಂಠನ ಜೀವದ ಗೆಳೆಯ. ಸಭೆಯಲ್ಲಿ ಸಂಜೀವಕುಮಾರ ಡೋಲಕ್ ಬಾರಿಸಿದರೆ ನೀಲಕಂಠ ಹಾಡುತ್ತಿದ್ದ. ಸಂಜೀವಕುಮಾರನ ಊಟ ಹೆಚ್ಚಾಗಿ ನಮ್ಮ ಮನೆಯಲ್ಲೇ. ಮೌನಮ್ಮನನ್ನು ಯವ್ವಾ ಎಂದೇ ಕರೆಯುತ್ತಿದ್ದ, ಅವಳೂ ಚೆನ್ನಾಗಿ ಉಬ್ಬಿದ ರೊಟ್ಟಿಯನ್ನು ಹೆತ್ತ ಮಗನ ತಟ್ಟೆಗೆ ಹಾಕದೆ ಇವನ ತಟ್ಟೆಗೆ ಹಾಕುತ್ತಿದ್ದಳು. ಇವನ ಬಳಿ ಒಂದು ಗೂಡ್ಸ್ ಗಾಡಿ ಇತ್ತು. ಕೆಲವು ವರ್ಷಗಳ ಹಿಂದೆ ಸುರಪುರದ ಒಂದು ಮದುವೆಗೆ ಸಭೆಯವರು ಅದರ ಹಿಂಬದಿಯಲ್ಲಿ ತುಂಬಿಕೊಂಡು ಹೊರಟರು. ಮುಂದೆ ಇವರಿಬ್ಬರೇ, ತಾಡಪತ್ರಿ ಕಟ್ಟಿದ್ದರಿಂದ ಹಿಂದಿನವರಿಗೆ ಮುಂದಿನದು ಕಾಣುತ್ತಿರಲಿಲ್ಲ. ನನಗೆ ಜ್ವರ, ನಾನು ಉಳಿದೆ. ಶಹಾಪುರದಲ್ಲಿ ಚಹಾ ಕುಡಿದು ಹೊರಟ ಗಾಡಿ, ಊರು ದಾಟಿದ ಮೇಲೆ ಕಾಲುವೆ ಸೇತುವೆಯ ತಿರುವಿನಲ್ಲಿ ಮಗುಚಿಬಿತ್ತು. ನೀಲಕಂಠ ಅಲ್ಲೇ ಹೋದ. ಹಿಂದೆ ಕೂತಿದ್ದ ಮೌನಮ್ಮನ ಸೊಂಟ ಮುರಿಯಿತು.

ಗಾಡಿ ಹೊಡೆಯುತ್ತಿದ್ದವರು ಯಾರೆಂದು ಪೊಲೀಸರು ಕೇಳಿದರು. ಸಂಜೀವಕುಮಾರ ನೀಲಕಂಠನ ಹೆಸರು ಹೇಳಿದ. ಆಸ್ಪತ್ರೆಯಲ್ಲಿ ಕೇಳಿದರು, ಅದೇ ಹೆಸರು. ತನಗೆ ನಿದ್ದೆ ಬಂದಿತ್ತು, ನಾನು ಹೊಡೆಯುತ್ತೇನೆ ಎಂದು ನೀಲಕಂಠ ಹಟ ಹಿಡಿದು ಸ್ಟೇರಿಂಗ್ ಕಸಿದುಕೊಂಡ ಎಂದು ಕಥೆ ಕಟ್ಟಿದ. ಮಣ್ಣು ಕೊಡುವಾಗ ಆಗಿನ ಅಯ್ಯನೋರು ಕೇಳಿದಾಗಲೂ ಅದೇ ಕಥೆ. ಗುಂಡಿಯಲ್ಲಿ ಮಲಗಿದವನು ಎದ್ದು ಬಂದು ಸುಳ್ಳು ಎನ್ನುತ್ತಾನೆಯೇ? ಲೈಸೆನ್ಸಿಲ್ಲದವನು ಗಾಡಿ ಹೊಡೆದು ತಾನೂ ಸತ್ತ, ಹೆತ್ತ ತಾಯಿಯ ಸೊಂಟವನ್ನೂ ಮುರಿದ ಎಂದು ಊರೆಲ್ಲ ಆಡಿತು. ನಲ್ಲಿಯ ಹತ್ತಿರ ಆಡಿತು, ಗಿರಣಿಯ ಹತ್ತಿರ ಆಡಿತು, ನಾನು ಹೋದರೆ ಬಾಯಿ ಮುಚ್ಚಿಕೊಂಡಿತು.

ಮೌನಮ್ಮನೂ ನಂಬಿದಳು. ಮಗನನ್ನು ಒಂದು ಮಾತು ಬೈಯಲಿಲ್ಲ. ಆದರೆ ಅಂದಿನಿಂದ ಅವನ ಹೆಸರು ಅವಳ ಬಾಯಿಂದ ಬರಲಿಲ್ಲ. ಆಸ್ಪತ್ರೆಯಿಂದ ಸುರಪುರಕ್ಕೆ ಅಂಟಿಕೊಂಡ ರಂಗಂಪೇಟೆಗೆ, ಮಗಳ ಮನೆಗೆ ಹೋದವಳು ಅಲ್ಲೇ ಮಂಚ ಹಿಡಿದಳು. ಊರಿಗೆ ಕರೆತರಲು ನಾವು ಪಡದ ಪಾಡಿಲ್ಲ. ಗಾಡಿ ಎಂದರೆ ಸಾಕು, ನಡುಗುತ್ತಾಳೆ. ಹೊರಗೆ ಹಾರ್ನ್ ಕೂಗಿದರೆ ಎರಡೂ ಕೈಯಿಂದ ಮಂಚದ ಪಟ್ಟಿ ಹಿಡಿಯುತ್ತಾಳೆ. ಮಗನ ಗೋರಿಯನ್ನು ಅವಳು ಒಮ್ಮೆಯೂ ನೋಡಿರಲಿಲ್ಲ.

ಸಂಜೀವಕುಮಾರ ಪುಣೆಯ ಕಡೆಗೆ ದುಡಿಯಲು ಹೋದ, ನಾವು ಮರೆತೆವು. ಡಬ್ಬಿ ತರುವುದಕ್ಕೆ ಹಿಂದಿನ ಭಾನುವಾರ ಒಮ್ಮೆಗೇ ಚರ್ಚಿನೊಳಗೆ ಬಂದು, ಹಾಡು ಮುಗಿಯುವುದನ್ನೇ ಕಾದು, ನಡುವೆ ನಿಂತ.

“ಆವತ್ತ ಗಾಡಿ ಹೊಡ್ದಂವ ನಾನು. ನೀಲಕಂಠ ಬಾಜೂಕ ಕುಂತಿದ್ದ. ನನಗ ಜೋಂಪು ಹತ್ತಿತು. ಜೈಲು ಆಗ್ತದ ಅಂತ ಹೆದರಿ ಸತ್ತಂವನ ಮ್ಯಾಲ ಹಾಕಿದೆ. ನಿನ್ನೆ ಠಾಣೆದಾಗ ಬರದುಕೊಟ್ಟು ಬಂದೀನಿ. ಈಗ ನಿಮ್ಮ ಮುಂದ ಹೇಳಾಕತ್ತೀನಿ,” ಎಂದವನೇ ನೆಲಕ್ಕೆ ಕುಸಿದು ಕೂತ.

ಸಭೆಯೆಲ್ಲ ಅತ್ತಿತು. ನನ್ನ ಕಣ್ಣಲ್ಲಿ ಹನಿ ನೀರಿಲ್ಲ. ದೇವರು ಕ್ಷಮಿಸಿದ್ದಾನೆ ಎಂದು ಪಕ್ಕದವಳು ನನ್ನ ತೋಳು ಹಿಡಿದಳು. ಕ್ಷಮಿಸಲಿ ಬಿಡಮ್ಮ, ಅವನು ದೊಡ್ಡವನು, ನಲ್ಲಿಗೆ ಕೊಡ ಹಿಡಿದುಕೊಂಡು ಹೋದವಳು ನಾನು ತಾನೆ ಎಂದುಕೊಂಡೆ.

ಇರಲಿ. ಅವನ ಡಬ್ಬಿಯನ್ನು ಕಟ್ಟೆಯ ಮೇಲೇ ಬಿಟ್ಟು, ಉಳಿದ ಮನೆಗಳ ಹಿಟ್ಟಿನಿಂದ ರೊಟ್ಟಿ ತಟ್ಟಿದೆ. ಸಿಟ್ಟಿನಲ್ಲಿ ತಟ್ಟಿದರೂ ರೊಟ್ಟಿ ಉಬ್ಬುತ್ತದೆ, ಅದೊಂದು ಆಶ್ಚರ್ಯ. ಹಂಚು ತಗುಲಿ ಅಂಗೈ ಸುಟ್ಟುಕೊಂಡೆ. ಬಿಳಿ ಬಟ್ಟೆಯಲ್ಲಿ ಸುತ್ತಿ ಚರ್ಚಿಗೆ ಒಯ್ದೆ.

ಪುನರುತ್ಥಾನದ ಹಬ್ಬ, ಅಂದರೆ ಈಸ್ಟರ್, ಮುಗಿದು ಸ್ವಲ್ಪ ದಿನವಾಗಿತ್ತು. ಅಂದಿನ ಪಾಠ ಯೇಸುವಿನ ಶಿಷ್ಯ ಪೇತ್ರನದು. ನಮ್ಮ ಈಗಿನ ಅಯ್ಯನೋರು ಗುರುಮಠಕಲ್ ಕಡೆಯವರು, ಮಾತು ಕಾವೇರಿದರೆ ಕನ್ನಡದೊಳಗೆ ತೆಲುಗು ನುಗ್ಗಿಬಿಡುತ್ತದೆ. ಪ್ರಭುವನ್ನು ಹಿಡಿದೊಯ್ದಾಗ ಪೇತ್ರ ಪರರ ಅಂಗಳದಲ್ಲಿ ಕೆಂಡಕ್ಕೆ ಮೈ ಕಾಯಿಸಿಕೊಳ್ಳುತ್ತ ಕೂತಿದ್ದು, ನೀನೂ ಅವನ ಜೊತೆಯವನಲ್ಲವೇ ಎಂದು ಕೇಳಿದವರಿಗೆ ಮೂರು ಸಲವೂ ಅಲ್ಲ ಎಂದದ್ದು, ಆಮೇಲೆ ಹೊರಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತದ್ದು, ಎಲ್ಲವನ್ನೂ ಹೇಳಿದರು. ಸಣ್ಣವಳಿದ್ದಾಗಿನಿಂದ ಕೇಳಿದ್ದೇ. ಸುಟ್ಟ ಅಂಗೈಯನ್ನು ಊದಿಕೊಳ್ಳುತ್ತ ಅರ್ಧ ಕಿವಿಯಲ್ಲಿ ಕೇಳುತ್ತಿದ್ದೆ.

ಪ್ರಭು ಸತ್ತು ಎದ್ದ ಮೇಲೆ ಪೇತ್ರ ಮತ್ತು ಜೊತೆಗಾರರು ದೋಣಿ ಹತ್ತಿ ಮೀನಿಗೆ ಹೋದರು, ತಿರುಗಿ ಬರುವಷ್ಟರಲ್ಲಿ ಪ್ರಭು ದಡದಲ್ಲಿ ಕೆಂಡ ಮಾಡಿ, ಅದರ ಮೇಲೆ ಮೀನು ಇಟ್ಟು, ರೊಟ್ಟಿ ಸಿದ್ಧ ಮಾಡಿಕೊಂಡು ಕಾದಿದ್ದ ಎಂದು ಅಯ್ಯನೋರು ಓದಿದರು. ಊದುವುದನ್ನು ನಿಲ್ಲಿಸಿದೆ. ಹತ್ತಿಕುಣಿ ಡ್ಯಾಮಿನ ದಂಡೆಯಲ್ಲಿ ಮೀನಿನವರು ಬೆಳಗಿನ ಹೊತ್ತು ಹಾಗೇ ಕೆಂಡ ಮಾಡುತ್ತಾರೆ, ನನಗೆ ಆ ವಾಸನೆ ಗೊತ್ತು. ಹಾಗಾದರೆ ಆ ಒಲೆ ಊದಿದವರು ಯಾರು? ಆ ರೊಟ್ಟಿ ಸುಟ್ಟವರು ಯಾರು? ಸಾವನ್ನು ಗೆದ್ದು ಬಂದವನು, ಭೂಮಿ ಆಕಾಶ ಎರಡಕ್ಕೂ ಒಡೆಯನಾದವನು, ನೀರಿನ ದಂಡೆಯಲ್ಲಿ ಮೊಣಕಾಲೂರಿ, ಮೊಳೆ ಹೊಡೆದ ಕೈಯಿಂದ ಕೆಂಡ ಕೆದಕಿದನೇ? ಅದೂ ಯಾರಿಗಾಗಿ? ನಾನವನನ್ನು ಅರಿಯೆ ಎಂದವನಿಗಾಗಿ! ನನ್ನ ಮೈಮೇಲಿನ ಕೂದಲೆಲ್ಲ ನಿಂತವು. ದಿನವೂ ಒಲೆಯ ಮುಂದೆ ಕೂರುವ ನನಗೆ ಇಷ್ಟು ವರ್ಷ ಇದು ಹೊಳೆದೇ ಇರಲಿಲ್ಲ.

ಬಂದವನನ್ನು ಏನೂ ಕೇಳಲಿಲ್ಲವಂತೆ. ಮೊದಲು ಉಣಿಸಿದನಂತೆ. ಉಂಡ ಮೇಲೆ, ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿ, ಮೂರು ಸಲವೂ ತನ್ನ ಕುರಿಗಳನ್ನು ಕಾಯುವ ಕೆಲಸವನ್ನು ಅವನಿಗೇ ಒಪ್ಪಿಸಿದನಂತೆ. ಇದು ಮಾತ್ರ ನನಗೆ ಅತಿಯಾಯಿತು. ಕ್ಷಮಿಸು, ಸರಿ. ಬಿಟ್ಟು ಓಡಿದವನ ಕೈಗೇ ಮತ್ತೆ ಮಂದೆಯನ್ನು ಕೊಡುವುದೇ? ಹೆದರಿಕೆಯೂ ಆಯಿತು, ಸಿಟ್ಟೂ ಬಂತು. ಅಯ್ಯನೋರು ರೊಟ್ಟಿ ಎತ್ತಿ ನನ್ನ ಕಡೆ ನೋಡಿದರು. ಸಂಜೀವಕುಮಾರ ಚಪ್ಪಲಿಗಳ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದ. ನಾನು ನನ್ನ ಸೆರಗನ್ನೇ ನೋಡಿಕೊಂಡು ಕೂತೆ. ರೊಟ್ಟಿ ಎಲ್ಲರಿಗೂ ಹೋಯಿತು, ಬಾಗಿಲ ತನಕ ಹೋಗಲಿಲ್ಲ.

ಎದ್ದು ಬರಲಾಗದವರಿಗೆ ಅಯ್ಯನೋರು ತಮ್ಮ ಹಳೇ ವ್ಯಾನಿನಲ್ಲಿ ರೊಟ್ಟಿ ಒಯ್ಯುತ್ತಾರೆ. ಮೌನಮ್ಮನ ಪಾಲು ಹಿಡಿದು ನಾನೂ ರಂಗಂಪೇಟೆಗೆ ಹೋಗುತ್ತೇನೆ. ಆ ದಿನ ವ್ಯಾನಿನ ಹತ್ತಿರ ನಿಂತು, ಸಂಜೀವಕುಮಾರನ ಕಡೆ ಕೈ ತೋರಿಸಿ ಹೇಳಿದೆ, “ಅಯ್ಯನೋರೇ, ಇವತ್ತ ನೀವು ಬರಬ್ಯಾಡ್ರಿ. ಇವನ್ನ ಕಳಸ್ರಿ. ಇವನೇ ಹೊಡ್ಕೊಂಡು ಬರ್ಲಿ. ಆ ತಿರುವು ದಾಟ್ಲಿ. ಮೌನಮ್ಮನ ಮುಂದ ನಿಂತು ಬಾಯಿ ಬಿಟ್ಟು ಹೇಳ್ಲಿ.”

“ಆವತ್ತಿನಿಂದ ನಾ ಗಾಡಿ ಮುಟ್ಟಿಲ್ಲಕ್ಕಾ,” ಎಂದ ಅವನು.

“ಇವತ್ತ ಮುಟ್ಟು.”

ಅಯ್ಯನೋರು ಇಬ್ಬರನ್ನೂ ನೋಡಿ, ಚಾವಿಯನ್ನು ಅವನ ಕೈಗೆ ಕೊಟ್ಟರು. ನನ್ನದು ದಯೆಯಿಂದ ಆಡಿದ ಮಾತಲ್ಲ, ಅವನಿಗೆ ನೋಯಲಿ ಎಂದೇ ಆಡಿದ್ದು. ಹೋಗುವ ದಾರಿಯಲ್ಲಿ ನನ್ನ ಕಟ್ಟೆಯ ಮೇಲಿದ್ದ ಅವನ ಡಬ್ಬಿಯನ್ನೂ ವ್ಯಾನಿನೊಳಗೆ ಹಾಕಿಕೊಂಡೆ, ವಾಪಸು ಬರುವಾಗ ಅವನ ಕೈಗೇ ತುರುಕಿ ಕಳಿಸಬೇಕೆಂದು.

ಯಾದಗಿರಿ ದಾಟಿ, ಭೀಮಾ ನದಿಯ ಸೇತುವೆ ದಾಟಿ, ಶಹಾಪುರದ ತನಕ ಬಂದೆವು. ಬಿಸಿಲು ರಣರಣ ಹೊಡೆಯುತ್ತಿತ್ತು. ಕಾಲುವೆ ಸೇತುವೆಯ ತಿರುವು ಬಂದಾಗ ಅವನು ಗಾಡಿಯನ್ನು ಬದಿಗೆ ನಿಲ್ಲಿಸಿ, ಇಳಿದು, ರಸ್ತೆಯ ಅಂಚಿನ ಮಣ್ಣಿಗೆ ಹಣೆ ಹಚ್ಚಿದ. ನಾನು ಇಳಿಯಲಿಲ್ಲ. ಬಂದು ಕೂತಾಗ ಅವನ ಹಣೆಯ ಮೇಲೆ ಮಣ್ಣಿತ್ತು, ಒರೆಸಿಕೊಳ್ಳಲಿಲ್ಲ.

ಮೌನಮ್ಮ ದಿಂಬಿಗೆ ಒರಗಿ ಕೂತಿದ್ದಳು, ಅವನು ಒಪ್ಪಿಕೊಂಡದ್ದನ್ನು ಅವಳಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಅವನು ಹೊಸ್ತಿಲ ಆಚೆಯೇ ನಿಂತ.

“ಅತ್ತಿ, ಇವ ಏನೋ ಹೇಳಬೇಕಂತ, ಕೇಳ್ರಿ,” ಎಂದೆ.

ಅವನು ಹೇಳಿದ. ಚರ್ಚಿನಲ್ಲಿ ಹೇಳಿದ್ದನ್ನೇ ಹೇಳಿದ. ನಾದಿನಿ ಒಳಗಿನಿಂದ ಬಂದವಳು ಗೋಡೆ ಹಿಡಿದು ನಿಂತಳು. ಮುದುಕಿ ದಿಂಬು ಬಿಟ್ಟು ಮುಂದಕ್ಕೆ ಬಾಗಿದಳು.

“ಅಂದ್ರ, ನನ್ನ ನೀಲಕಂಠ ಹೊಡ್ದಿಲ್ಲ?”

ಆ ಹೆಸರು ಅವಳ ಬಾಯಿಂದ ಬಂತು. ಇಷ್ಟು ವರ್ಷಗಳಲ್ಲಿ ಇದೇ ಮೊದಲು.

“ಇಲ್ಲ ಯವ್ವಾ.”

“ಏನು ಮಾಡಾಕತ್ತಿದ್ದ ಆವಾಗ?”

“ಹಾಡಾಕತ್ತಿದ್ದ. ನೀ ಕಲಿಸಿದ್ದು, ಬಿತ್ತೋ ಹೊತ್ತಿನ ಹಾಡು.”

ಮುದುಕಿಯ ಮುಖ ಹೇಗಾಯಿತೆಂದು ಹೇಳಲಾರೆ. ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ ಇತ್ತು. “ನನ್ನ ಕೂಸು ಹಾಡಾಕತ್ತಿತ್ತು. ನೀಲಕಂಠಾ, ನನ್ನಪ್ಪಾ, ನೀ ಹಾಡಾಕತ್ತಿದ್ದಿ ಏನೋ!” ಎಂದು ಎದೆ ತಟ್ಟಿಕೊಂಡಳು. ಇಷ್ಟು ವರ್ಷ ಕರೆಯದೆ ಬಿಟ್ಟ ಹೆಸರನ್ನೆಲ್ಲ ಆ ಗಳಿಗೆಯಲ್ಲೇ ಕರೆದು ತೀರಿಸಿದಳು. ಸಾಕಾಗುವಷ್ಟು ಅತ್ತ ಮೇಲೆ ಕಣ್ಣು ಒರೆಸಿಕೊಂಡು ಹೊಸ್ತಿಲ ಕಡೆ ನೋಡಿದಳು. ಈಗ ಸಿಡಿಲು ಬೀಳುತ್ತದೆ ಎಂದು ನಾನು ಕಾದೆ. ಸುಳ್ಳು ಯಾಕೆ ಹೇಳಲಿ, ಬೀಳಲಿ ಎಂದೇ ಕಾದೆ.

“ಎಷ್ಟು ಸೊರಗೀದಿ ಸಂಜೂ. ಉಂಡಿ ಏನು?”

ಇವಳು ಅಯ್ಯನೋರ ಪಾಠ ಕೇಳಿದವಳಲ್ಲ. ಈ ಮಂಚ ಬಿಟ್ಟು ಎದ್ದವಳಲ್ಲ. ಆ ನೀರಿನ ದಂಡೆಯಲ್ಲಿ ಪ್ರಭು ಮಾಡಿದ್ದನ್ನೇ ಇವಳೂ ಮಾಡುತ್ತಿದ್ದಾಳಲ್ಲ, ಇವಳ ಬಾಯೊಳಗೆ ಆ ಮಾತು ಇಟ್ಟವರು ಯಾರು! ಕೋಣೆಯಲ್ಲಿ ನಮ್ಮೊಂದಿಗೆ ಇನ್ನೂ ಯಾರೋ ಇದ್ದಾರೆ ಎನ್ನಿಸಿ ನಾನು ಸೆರಗು ತಲೆಯ ಮೇಲೆ ಎಳೆದುಕೊಂಡೆ.

ನಾನು ತಂದ ಬಟ್ಟೆಯ ಗಂಟನ್ನು ಮುದುಕಿ ಬಿಚ್ಚಿದಳು. ರೊಟ್ಟಿ ಮುರಿಯಲಿಲ್ಲ. “ಇದರಾಗ ಇವನ ಹಿಟ್ಟು ಅದ ಏನು?”

“ಇಲ್ರಿ ಅತ್ತಿ. ನಾ ತಗೊಂಡಿಲ್ಲ.”

“ಮತ್ತ ಇದು ಸಭೆದ ರೊಟ್ಟಿ ಹ್ಯಾಂಗಾತು?”

“ನಿಮಗೇನು ತಿಳೀತದ್ರಿ!” ಎಂದು ನಾನು ಕೂಗಿಯೇಬಿಟ್ಟೆ. “ನಿಮ್ಮ ಸೊಂಟ ಮುರದಂವ ಅಲ್ಲಿ ನಿಂತಾನ. ಇವನ ಸಲುವಾಗಿ ಮಂದಿ ಮುಂದ ತಲಿ ತಗ್ಗಿಸಿ ಅಡ್ಯಾಡಿದಾಕಿ ನಾನು!”

“ಹೌದವ್ವಾ,” ಎಂದಳು ಮೌನಮ್ಮ ಮೆಲ್ಲಗೆ. “ನಿನ್ನ ಸಿಟ್ಟು ಖರೇನೇ ಅದ. ನಿನಗ ಆದಾಗ ತಗೋ, ನಾ ಒತ್ತಾಯ ಮಾಡಂಗಿಲ್ಲ. ನನ್ನ ಸೊಂಟದ ಪಾಲು ನಾ ತಗೋತೀನಿ. ಹಿಟ್ಟು ಎಲ್ಲದ?”

ನಾನು ಹೋಗಿ ವ್ಯಾನಿನಿಂದ ಡಬ್ಬಿ ತಂದು ಅವನ ಮುಂದೆ ಕುಕ್ಕಿದೆ. ಅವನು ಎತ್ತಿಕೊಂಡು ಮಂಚದ ಬಳಿ ಮಂಡಿಯೂರಿ, ಎರಡೂ ಕೈಯಿಂದ ಕೊಟ್ಟ. ಅವಳು ಎರಡೂ ಕೈಯಿಂದ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಸೆರಗಿನ ತುದಿಯಿಂದ ಅವನ ಹಣೆಯ ಮಣ್ಣು ಒರೆಸಿದಳು. ಅವನು ಗೋಳೋ ಎಂದು ಅತ್ತ.

“ಒಲಿ ಹಚ್ಚಲೇನವ್ವಾ?” ಎಂದು ನಾದಿನಿ ಕೇಳಿದಳು.

“ಇಲ್ಲಿ ಬ್ಯಾಡ. ಈ ಹಿಟ್ಟು ನನ್ನ ಒಲಿ ಮ್ಯಾಲೇ ಸುಡಬೇಕು. ನಾ ಊರಿಗೆ ಹೋಗ್ತೀನಿ. ನೀಲಕಂಠನ ಗೋರಿ ನೋಡಬೇಕು.”

“ಊರಿಗಿ? ಗಾಡ್ಯಾಗ?”

“ಮತ್ತ ಹಾರಿಕೊಂಡು ಹೋಗ್ಲೇನು?”

ನಾದಿನಿ ಬಾಯಿ ತೆರೆದುಕೊಂಡು ನನ್ನನ್ನು ನೋಡಿದಳು. ಸಂಜೀವಕುಮಾರ ಹೆದರಿಬಿಟ್ಟ. “ಯವ್ವಾ, ಜರಾ ತಡಿ, ಸುರಪುರದಾಗ ಬ್ಯಾರೆ ಡ್ರೈವರ್‌ನ ನೋಡಿ ಕರಕೊಂಡು ಬರ್ತೀನಿ,” ಎಂದು ಎದ್ದ.

“ಬ್ಯಾರೆದಂವ ಯಾಕ?” ಎಂದಳು ಮೌನಮ್ಮ. “ನೀ ಅದೀಯಲ್ಲ. ನೀ ಹೊಡಿ.”

ಅವನು ನಿಂತಲ್ಲೇ ನಿಂತ. ನಾನೂ ಹಾಗೇ. ಬಿಟ್ಟು ಓಡಿದವನ ಕೈಗೇ ಮಂದೆಯನ್ನು ಕೊಟ್ಟದ್ದು ಅತಿಯಾಯಿತು ಎಂದು ಬೆಳಿಗ್ಗೆ ಮುನಿಸಿಕೊಂಡವಳು ನಾನು. ಅದೇ ಈಗ ನನ್ನ ಕಣ್ಣ ಮುಂದೆ ನಡೆಯುತ್ತಿತ್ತು.

ಹಾಸಿಗೆಯ ಸಮೇತ ಎತ್ತಿ ತಂದು, ಮುಂದಿನ ಸೀಟನ್ನು ಹಿಂದಕ್ಕೆ ವಾಲಿಸಿ, ಸುತ್ತ ದಿಂಬು ಇಟ್ಟು ಕೂರಿಸಿದೆವು. ಡಬ್ಬಿಯನ್ನು ಅವಳು ಯಾರಿಗೂ ಕೊಡಲಿಲ್ಲ. ಎಂಜಿನ್ ಶುರುವಾದಾಗ ಅವಳ ಮೈ ನಡುಗಿತು, ಕೈ ಸೀಟಿನ ಅಂಚು ಹುಡುಕಿತು. “ಹಾಡು ಹೇಳು ಸಂಜೂ,” ಎಂದಳು. ಅವನಿಗೆ ಧ್ವನಿಯೇ ಬರಲಿಲ್ಲ. ಅವಳೇ ಗುನುಗತೊಡಗಿದಳು, ಬಿತ್ತುವ ಹೊತ್ತಿನ ಹಾಡು. ಸುರಪುರದ ಬೆಟ್ಟಗಳು ಹಿಂದೆ ಸರಿಯುವ ಹೊತ್ತಿಗೆ ಅವನೂ ದನಿಗೂಡಿಸಿದ.

ಕಾಲುವೆಯ ತಿರುವು ಹತ್ತಿರ ಬಂದಂತೆ ಅವನ ಹಾಡು ನಿಂತಿತು. ಗಾಡಿ ನಿಧಾನವಾಯಿತು. ಹಿಂದೆ ಕೂತಿದ್ದ ನಾನು ಮೌನಮ್ಮ ಈಗ ಚೀರುತ್ತಾಳೆ, ಈಗ ಬಾಗಿಲು ಹಿಡಿಯುತ್ತಾಳೆ ಎಂದು ಮುಂದಕ್ಕೆ ಬಾಗಿದೆ. ಅವಳ ಕತ್ತು ಒಂದು ಕಡೆಗೆ ವಾಲಿತ್ತು. ನನಗೆ ಗಾಬರಿಯಾಯಿತು. ಇನ್ನೂ ಬಾಗಿ ನೋಡಿದೆ.

ನಿದ್ದೆ ಹೋಗಿದ್ದಳು. ಹಾರ್ನಿಗೆ ನಡುಗುವ ಮುದುಕಿ, ತನ್ನ ಸೊಂಟ ಮುರಿದ ತಿರುವಿನಲ್ಲಿ, ಮುರಿದವನ ಪಕ್ಕದಲ್ಲಿ, ಬಾಯಿ ತೆರೆದು ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ದೇವರೇ, ದೇವರೇ ಎಂದೆ. ಅದಕ್ಕಿಂತ ಹೆಚ್ಚಿನ ಪ್ರಾರ್ಥನೆ ನನಗೆ ಬರಲಿಲ್ಲ.

ಗಾಡಿ ತಿರುಗಿತು. ಅವಳ ಬೆರಳು ಸಡಿಲವಾಗಿ ಡಬ್ಬಿ ಮಡಿಲಿನಿಂದ ಜಾರಿತು. ಯೋಚಿಸಲು ಪುರುಸೊತ್ತಿರಲಿಲ್ಲ, ಸೀಟುಗಳ ನಡುವಿನಿಂದ ಎರಡೂ ಕೈ ಚಾಚಿ ಹಿಡಿದುಬಿಟ್ಟೆ. ಹಿಡಿದ ಮೇಲೆ ನನ್ನ ಕೈಯಲ್ಲಿ ಏನಿದೆ ಎಂದು ತಿಳಿಯಿತು. ಕನ್ನಡಿಯಲ್ಲಿ ಅವನ ಕಣ್ಣು ನನ್ನನ್ನು ನೋಡಿ ಥಟ್ಟನೆ ರಸ್ತೆಯ ಕಡೆ ತಿರುಗಿತು.

ಡಬ್ಬಿಯನ್ನು ಮುದುಕಿಯ ಮಡಿಲಿಗೆ ಮತ್ತೆ ಇಡಬಹುದಿತ್ತು. ಇಡಲಿಲ್ಲ. ಮುಚ್ಚಳ ತೆಗೆದೆ. ಒಂದು ಚಿಟಿಕೆ ಎತ್ತಿ, ಸುಟ್ಟ ಅಂಗೈಯ ಮೇಲೆ ಹಾಕಿ, ಹೆಬ್ಬೆರಳಿನಿಂದ ತಿಕ್ಕಿ ನೋಡಿದೆ.

“ಹಿಟ್ಟು ಛಲೋ ಸಣ್ಣಗ ಬಿದ್ದದ,” ಎಂದೆ. “ಯಾವ ಗಿರಣ್ಯಾಗ ಬೀಸಿಸಿದಿ ಸಂಜೂ?”